ಕೆಂಪು ಶಾಯಿಯ ನಮೂದು

ಜನರಲ್ ತಿಮ್ಮಯ್ಯನವರು ರಾಜೀನಾಮೆ ಕೊಟ್ಟ ಸುದ್ದಿ ಹಾನಗಲ್ಲ ತಾಲೂಕಿನ ನಮ್ಮೂರಿಗೆ ಮುಟ್ಟುವಷ್ಟರಲ್ಲಿ ಅವರು ಅದನ್ನು ವಾಪಸು ಪಡೆದೂ ಆಗಿತ್ತು. 1959ರ ಸೆಪ್ಟೆಂಬರ್ ಮೊದಲ ವಾರ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಬಸ್ಸಿನಲ್ಲಿ ಹಾನಗಲ್ಲಿಗೆ ಬಂದು, ಅಲ್ಲಿಂದ ಟಪಾಲಿನವನ ಚೀಲ ಸೇರಿ, ಹಳ್ಳ ತುಂಬಿದ್ದರೆ ಇನ್ನೊಂದು ದಿನ ತಡಮಾಡಿ ನಮ್ಮ ಕೈಗೆ ಸಿಗುತ್ತಿತ್ತು. ಆ ಸಲ ಎರಡು ದಿನದ ಪೇಪರು ಕೂಡಿಯೇ ಬಂದವು. ಒಂದರಲ್ಲಿ ಭೂಸೇನೆಯ ಮುಖ್ಯಸ್ಥರೇ ರಾಜೀನಾಮೆ ಕೊಟ್ಟಿದ್ದಾರೆ ಅಂತ. ಇನ್ನೊಂದರಲ್ಲಿ ಪ್ರಧಾನಿ ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು, ಅದೆಲ್ಲ ಸಣ್ಣ ವಿಷಯ, ಇಬ್ಬರ ಸ್ವಭಾವ ಹೊಂದದೆ ಆದದ್ದು, ಈಗ ಮುಗಿದಿದೆ ಎಂಬ ಅರ್ಥದಲ್ಲಿ ಮಾತಾಡಿದ್ದಾರೆ ಅಂತ.

ಊರಲ್ಲಿ ಪೇಪರು ಗಟ್ಟಿಯಾಗಿ ಓದುವವನು ನಮ್ಮ ಕಾಕಾ. ಬೆಳಗಾವಿಯಲ್ಲಿ ಭರ್ತಿಯಾಗಿ, ಎರಡನೇ ಮಹಾಯುದ್ಧ ಕಂಡು, ಹವಾಲ್ದಾರನಾಗಿ ಪೆನ್ಶನ್ ಪಡೆದು ಬಂದವನು. ಎರಡೂ ಪೇಪರು ಓದಿ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ. ಕಟ್ಟೆಯ ಮೇಲಿದ್ದವರು ಏನಾಯ್ತು ಹೇಳು ಅಂತ ಕೇಳಿದರೆ, “ನಾಳೆ ಹೇಳ್ತೀನಿ ಹೋಗ್ರಪಾ” ಅಂದ. ನಾನಾಗ ಕನ್ನಡ ಶಾಲೆಯ ಆರನೇ ಇಯತ್ತೆ. ಕಾಕಾ ಓದಿದ ಸುದ್ದಿಯನ್ನು ಹೇಳದೆ ಎದ್ದು ಹೋದದ್ದನ್ನು ನಾನು ಅದೇ ಮೊದಲು ಕಂಡದ್ದು.

ತಿಮ್ಮಯ್ಯ ಅಂದರೆ ಕಾಕಾನಿಗೆ ಪ್ರಾಣ. ಕೊಡಗಿನವರು, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1956ರ ನವೆಂಬರ್ 1ಕ್ಕೆ ಮುಂಬಯಿ ಪ್ರಾಂತದ ನಮ್ಮ ಧಾರವಾಡ ಜಿಲ್ಲೆಯೂ ಅವರ ಕೊಡಗೂ ಒಂದೇ ರಾಜ್ಯಕ್ಕೆ ಬಂದ ಮೇಲಂತೂ ಅವರು ನಮ್ಮ ಮನೆಯವರೇ ಆಗಿಬಿಟ್ಟರು. 1948ರ ಕಾಶ್ಮೀರದ ಕಾಳಗದಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲಿನ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ಜನರಲ್ ಅವರು. ಅಷ್ಟೆತ್ತರಕ್ಕೆ ಟ್ಯಾಂಕು ಬರುತ್ತದೆ ಅಂತ ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ತಿಮ್ಮಯ್ಯನವರು ಹಿಂದೆ ನಿಂತು ಕಳಿಸಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಕೂತು ಹೋದರು. ಅದೂ ನವೆಂಬರ್ 1ನೇ ತಾರೀಕೇ. ರಾಜ್ಯೋತ್ಸವದ ದಿನ ಶಾಲೆಯಲ್ಲಿ ಏನಾದರೂ ಮಾತಾಡು ಅಂತ ಕರೆದರೆ ಕಾಕಾ ಕನ್ನಡಮ್ಮನಿಗೆ ಕೈಮುಗಿದು ಸೀದಾ ಜೋಜಿಲಾಕ್ಕೆ ಹೋಗುತ್ತಿದ್ದ.

ಅಂಥವರು ರಾಜೀನಾಮೆ ಕೊಡುವಂಥದ್ದು ಏನಾಗಿತ್ತು? ಬಡ್ತಿ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಮೇಲಿನ ಹುದ್ದೆಗಳ ಬಡ್ತಿಯಲ್ಲಿ ಕೈ ಹಾಕುತ್ತಿದ್ದರು. ಆಗಿನ ಕಾಲಕ್ಕೆ ಮೇಜರ್ ಆಗುವ ತನಕ ಸೇವೆಯ ವರ್ಷ ಎಣಿಸಿದರೆ ಸಾಕು, ಅದರ ಮೇಲೆ ಆಯ್ಕೆ ಮಂಡಳಿ ಕೂತು, ಒಬ್ಬೊಬ್ಬರ ಗುಪ್ತ ವರದಿ ನೋಡಿ, ಯಾರು ಯುದ್ಧದಲ್ಲಿ ಪಲ್ಟಣ ನಡೆಸಿದ್ದಾರೆ, ಯಾರು ಇಲ್ಲ ಅಂತ ತೂಗಿ ಹೆಸರು ಹೇಳಬೇಕು. ಮೇಜರ್ ಜನರಲ್ ಬಿ.ಎಂ. ಕೌಲ್ ಎಂಬ ಅಧಿಕಾರಿ ನೆಹರೂ ಅವರಿಗೆ ಹತ್ತಿರದವರು, ಮೆನನ್ ಅವರಿಗೂ ಬೇಕಾದವರು. ಸೇವೆಯ ಬಹುಪಾಲು ಸರಬರಾಜು ನೋಡುವ ಸರ್ವಿಸ್ ಕೋರಿನಲ್ಲಿ ಕಳೆದಿತ್ತು, ಯುದ್ಧದಲ್ಲಿ ಪಲ್ಟಣ ನಡೆಸಿದವರಲ್ಲ. ತಿಮ್ಮಯ್ಯನವರ ಮನಸ್ಸಿಗೆ ವಿರುದ್ಧವಾಗಿ ಕೌಲ್ 1959ರಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ದಿಲ್ಲಿಯ ಸೇನಾ ಕಚೇರಿಗೆ ಬಂದರು. ತಿಮ್ಮಯ್ಯ ಮೆನನ್ ಬಗ್ಗೆ ನೆಹರೂ ಹತ್ತಿರ ಹೇಳಿಕೊಂಡರು, ನೆಹರೂ ಮೆನನ್ ಹತ್ತಿರ ಆಡಿದರು, ಮೆನನ್ ತಿಮ್ಮಯ್ಯನವರನ್ನು ಕರೆಸಿ ನನ್ನನ್ನು ದಾಟಿ ಹೋದೆಯಾ ಅಂತ ರೇಗಿದರು. ಆಗಸ್ಟ್ 31ಕ್ಕೆ ರಾಜೀನಾಮೆ ಪತ್ರ ಹೋಯಿತು. ನೆಹರೂ ಕರೆದು ಸಮಾಧಾನ ಮಾಡಿದರು. ತಿಮ್ಮಯ್ಯ ಪತ್ರ ಹಿಂದೆಗೆದುಕೊಂಡರು. ಸಂಸತ್ತಿನಲ್ಲಿ ತಪ್ಪು ಬಂದದ್ದು ಮಾತ್ರ ತಿಮ್ಮಯ್ಯನವರ ಮೇಲೆ.

ಮರುದಿನ ಕಾಕಾ ಮಾತಾಡಿದ್ದು ಇದ್ಯಾವುದನ್ನೂ ಅಲ್ಲ. ತನ್ನ ಪಲ್ಟಣದ ಒಬ್ಬ ಹುಡುಗನ ಕಥೆ ಹೇಳಿದ. ಹೊಳೆ ದಾಟುವಾಗ ಆ ಹುಡುಗನ ಸಂಗೀನು ನೀರುಪಾಲಾಯಿತು. ಸೈನ್ಯದಲ್ಲಿ ಹಾಗೆ ಕಳೆದವನನ್ನು ಸಾಹೇಬರ ಮುಂದೆ ನಿಲ್ಲಿಸುವುದಕ್ಕೆ ಪೇಶಿ ಅನ್ನುತ್ತಾರೆ. ಟೋಪಿ ಬಿಚ್ಚಿಸುತ್ತಾರೆ, ಬೆಲ್ಟು ಬಿಚ್ಚಿಸುತ್ತಾರೆ, ಲೆಫ್ಟ್ ರೈಟ್ ಅಂತ ಓಡಿಸಿಕೊಂಡೇ ಒಳಗೆ ಒಯ್ಯುತ್ತಾರೆ. ಯಾಕೆ ಹೋಯ್ತು ಅಂದರೆ ಹೊಳೆಯಲ್ಲಿ ಹೋಯ್ತು ಅನ್ನಬೇಕು, ಅಷ್ಟೇ. ಅವನ ಪಗಾರದಲ್ಲಿ ದುಡ್ಡು ಮುರಿದುಕೊಂಡರು, ಸೇವಾ ಕಾಗದದಲ್ಲಿ ಕೆಂಪು ಶಾಯಿಯಿಂದ ಒಂದು ನಮೂದು ಬಿತ್ತು. ಆ ನಮೂದಿನಿಂದ ಅವನಿಗೆ ನಾಯಕನ ಪಟ್ಟಿ ವರ್ಷಗಟ್ಟಲೆ ತಡವಾಯಿತು. “ಸಂಗೀನು ಕಳದಾಂವಗ ಪಟ್ಟಿ ಇಲ್ಲ. ಸರಿ. ಅದು ಇರಲೇಬೇಕು,” ಅಂದ ಕಾಕಾ. “ಆದ್ರ ಆ ಕೆಂಪು ಶಾಯಿ ಮ್ಯಾಲಿನ ಮಂದಿ ಕಾಗದಕ್ಕ ಯಾಕ ಹತ್ತೂದಿಲ್ಲ, ಅದನ್ನ ಕೇಳಾಕಂತ ಒಬ್ಬ ಜನರಲ್ ಎದ್ದಿದ್ದ. ಅವನೂ ಕೂತ.”

ಈ ಮಾತಿನ ಮೇಲೆ ಆಮೇಲೆ ಎಷ್ಟೋ ಸಲ ವಾದ ಆಯಿತು. ಸುಗ್ಗಿಯಲ್ಲಿ ಭತ್ತ ಕಣಕ್ಕೆ ಬಂದರೆ ರಾತ್ರಿ ಕಾಯಬೇಕಲ್ಲ, ಜಾಲಿ ಬೊಡ್ಡೆಗೆ ಬೆಂಕಿ ಹಚ್ಚಿ ಸುತ್ತ ಕಂಬಳಿ ಹೊದ್ದು ಕೂರುತ್ತಿದ್ದೆವು. ಶಿಗ್ಗಾಂವಿ ಕಡೆಯ ನಮ್ಮ ಶಾಲೆಯ ಮಾಸ್ತರರು ಬರುತ್ತಿದ್ದರು. ಸೈನ್ಯದಲ್ಲಿ ಲಾರಿ ಓಡಿಸಿ ಬಂದ ಸವಣೂರಿನ ಚಾಚಾ ಭತ್ತ ಕೊಳ್ಳಲು ಬಂದವರು ಅಲ್ಲೇ ಉಳಿಯುತ್ತಿದ್ದರು. ಮಾಸ್ತರರು ಕಾಕಾನ ಮಾತನ್ನು ಒಪ್ಪುತ್ತಿರಲಿಲ್ಲ. “ಹವಾಲ್ದಾರ್ರ, ಜನ ಆರಿಸಿದ ಸರ್ಕಾರದ ಮಾತು ನಡೀಬೇಕ್ರಿ. ಜನರಲ್‌ಗಳು ತಾವ ಆರಿಸಿಕೊಳ್ಳಾಕ ಹತ್ತಿದ್ರ ಏನಾಕ್ಕತಿ? ಹೋದ ವರ್ಷ ಪಾಕಿಸ್ತಾನದಾಗ ಅಯೂಬ್ ಖಾನ್ ಏನು ಮಾಡಿದ್ರು ನೋಡ್ರಿ.” ಅದು ನಿಜ. 1958ರ ಅಕ್ಟೋಬರಿನಲ್ಲಿ ಅಲ್ಲಿ ಸೈನ್ಯ ಗದ್ದುಗೆ ಹತ್ತಿತ್ತು. ದಿಲ್ಲಿಯವರ ಮನಸ್ಸಿನಲ್ಲೂ ಆ ಅಂಜಿಕೆ ಇದ್ದೇ ಇತ್ತು. ಮಂತ್ರಿ ಬಡ್ತಿ ಕೊಡಬಾರದು ಅಂತ ನಾನೂ ಅನ್ನುವುದಿಲ್ಲ. ಕೊಟ್ಟ ಬಡ್ತಿಯ ಫಲಕ್ಕೆ ಮುಂದೆ ಆ ಮಂತ್ರಿಯೂ ಆ ಅಧಿಕಾರಿಯೂ ಜನರ ಎದುರು ಉತ್ತರ ಹೇಳಬೇಕು ಅನ್ನುತ್ತೇನೆ.

ರಾಜೀನಾಮೆ ವಾಪಸು ಪಡೆದದ್ದರಲ್ಲಿ ಮಾತ್ರ ಮಾಸ್ತರರೇ ಕಾಕಾನಿಗಿಂತ ಕಠಿಣ. ಅವರಿಗೆ ಬಾಡ ಹತ್ತಿರದ ಊರು. ಕನಕದಾಸರು ಬಾಡದ ದಣ್ಣಾಯಕರಾಗಿದ್ದವರು, ಕಾಳಗದಲ್ಲಿ ಗಾಯಗೊಂಡು ಕತ್ತಿ ಕೆಳಗಿಟ್ಟವರು ಎಂಬ ನಂಬಿಕೆ ನಮ್ಮ ಕಡೆ ಮನೆಮಾತು. “ಕನಕಪ್ಪ ಇಟ್ಟ ಕತ್ತಿ ತಿರುಗಿ ಎತ್ತಲಿಲ್ಲ. ಕೊಟ್ಟ ಕಾಗದಾನೂ ಹಂಗ ಇರಬೇಕಿತ್ತು,” ಅನ್ನುತ್ತಿದ್ದರು. ಕಾಕಾ ಬೆಂಕಿ ಕೆದರುತ್ತ ಸುಮ್ಮನಿರುತ್ತಿದ್ದ. ಅವನಿಗೆ ಅದಕ್ಕೆ ಉತ್ತರ ಇರಲಿಲ್ಲ. ನನಗೂ ಇಲ್ಲ. ತಿಮ್ಮಯ್ಯ ಅಂದು ಹೊರಗೆ ಹೋಗಿದ್ದರೆ ದೇಶ ಆಗಲೇ ಎಚ್ಚರಗೊಳ್ಳುತ್ತಿತ್ತೋ ಏನೋ ಅಂತ ಅನಿಸುತ್ತದೆ. ಇದ್ದುದರಿಂದ ಅವರ ಮಾತಿನ ತೂಕ ತಗ್ಗಿತು. 1961ರಲ್ಲಿ ನಿವೃತ್ತರಾಗುವಾಗ ಅವರು ತಮ್ಮ ನಂತರಕ್ಕೆ ಬಯಸಿದ್ದು ಕೊಲ್ಲಾಪುರ ಕಡೆಯ ಲೆಫ್ಟಿನೆಂಟ್ ಜನರಲ್ ಥೋರಾತ್ ಅವರನ್ನು. ಪೂರ್ವ ಗಡಿಯಲ್ಲಿ ಚೀನಾ ಬಂದರೆ ಹೇಗೆ ತಡೆಯಬೇಕು ಅಂತ ಕೂತು ಲೆಕ್ಕ ಹಾಕಿದ್ದವರು ಅವರು. ಮುಖ್ಯಸ್ಥರಾದದ್ದು ಪ್ರಾಣನಾಥ ಥಾಪರ್. ಕೌಲ್ ಇನ್ನೊಂದು ಮೆಟ್ಟಿಲು ಹತ್ತಿ ಚೀಫ್ ಆಫ್ ಜನರಲ್ ಸ್ಟಾಫ್ ಆದರು.

ಸವಣೂರ ಚಾಚಾ ಕೌಲ್ ಅವರನ್ನು ಬಿಟ್ಟುಕೊಡುತ್ತಿರಲಿಲ್ಲ, ಇದನ್ನು ಹೇಳಲೇಬೇಕು. ಅವರು ಅಂಬಾಲಾದಲ್ಲಿ ಕೌಲ್ ಕೈಕೆಳಗಿನ ನಾಲ್ಕನೇ ಡಿವಿಜನ್ನಿನಲ್ಲಿದ್ದರು. ಅಲ್ಲಿ ಜವಾನರ ಸಂಸಾರಗಳಿಗೆ ಮನೆಯಿಲ್ಲದ್ದನ್ನು ಕಂಡು ಕೌಲ್ ‘ಅಮರ್’ ಎಂಬ ಯೋಜನೆ ಹಾಕಿ, ಸಿಪಾಯಿಗಳ ಕೈಯಿಂದಲೇ ಕೆಲವೇ ತಿಂಗಳಲ್ಲಿ ಸಾಲು ಸಾಲು ಮನೆ ಕಟ್ಟಿಸಿದರು. ಚಾಚಾ ಲಾರಿಯಲ್ಲಿ ಇಟ್ಟಿಗೆ ಹೊತ್ತವರು. “ಹಗಲಿ ರಾತ್ರಿ ನಮ್ಮ ಜೋಡಿ ನಿಂತಿರ್ತಿದ್ರು ಸಾಹೇಬ್ರು. ಜವಾನನ ಹೇಂತಿ ಮಕ್ಕಳಿಗೆ ಮನಿ ಬೇಕು ಅಂದ ಜನರಲ್ ಅವರೊಬ್ಬರ,” ಅನ್ನುತ್ತಿದ್ದರು. ದುಡಿತದಲ್ಲಿ ಕೌಲ್ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಬಂದೂಕು ಹಿಡಿದು ತಾಲೀಮು ಮಾಡಬೇಕಾದ ಕೈಗಳು ಆ ತಿಂಗಳುಗಳಲ್ಲಿ ಗಾರೆ ಕಲಸಿದವು. ಅದೇ ನಾಲ್ಕನೇ ಡಿವಿಜನ್ನನ್ನು 1959ರಲ್ಲಿ ಪಂಜಾಬಿನ ಬಯಲಿನಿಂದ ಎತ್ತಿ ಈಶಾನ್ಯದ ಬೆಟ್ಟಗಳ ಕೆಳಗೆ ಇಟ್ಟರು. ಬಡ್ತಿ ಕೊಡುವವರು ಕಟ್ಟಿದ ಮನೆಗಳನ್ನು ಎಣಿಸಿದರು, ತಪ್ಪಿದ ತಾಲೀಮನ್ನು ಎಣಿಸಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಎದೆಗೆ ನಾಟುವ ಸಂಗತಿ ಇದು.

ಮೇಲೇರುವ ದಾರಿ ಯಾವುದು ಅಂತ ಹಾನಗಲ್ಲಿನ ವೀರಗಲ್ಲುಗಳನ್ನು ನೋಡಿದವರಿಗೆ ಗೊತ್ತು. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಬಂದು ಆನೆಕೆರೆಯ ದಂಡೆಯಲ್ಲಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದಾಗ, ಕದಂಬ ಕಾಮದೇವನ ಸೇನಾಪತಿ ಸೋಹಣಿ ಎದುರಿಸಿ ಹಿಮ್ಮೆಟ್ಟಿಸಿದ, ಆ ಕಾಳಗದಲ್ಲೇ ಸತ್ತ. ಕಾಕಾ ಸಂತೆಗೆ ಹೋದಾಗ ನನ್ನನ್ನು ತಾರಕೇಶ್ವರನ ಗುಡಿಗೆ ಕರೆದೊಯ್ದು ಆ ಕಾಲದ ಕಲ್ಲುಗಳ ಮುಂದೆ ನಿಲ್ಲಿಸುತ್ತಿದ್ದ. ಕೆಳಗಿನ ಪಟ್ಟಿಕೆಯಲ್ಲಿ ಆನೆ, ಕುದುರೆ, ಬಾಣ, ಬಿದ್ದ ಹೆಣ. ಮೇಲಿನದರಲ್ಲಿ ದೇವಕನ್ನೆಯರು. “ಮ್ಯಾಲ ಹೋಗೂ ದಾರಿ ಕೆಳಗಿನ ಪಟ್ಟಿಕಿ ಹಾದ ಹೊಕ್ಕತಿ, ನೋಡು,” ಅಂದಿದ್ದ.

1962 ಬಂತು. ಅದರ ಹಿಂದಿನ ಡಿಸೆಂಬರಿನಲ್ಲಿ ಗೋವಾ ಗೆದ್ದಾಗಿತ್ತು. ಸೈನ್ಯ ಕೂಡಿದ್ದು ನಮ್ಮ ಬೆಳಗಾವಿಯಲ್ಲೇ, ಆ ಹುಮ್ಮಸ್ಸು ಎಲ್ಲರ ನೆತ್ತಿಗೇರಿತ್ತು. ಸೆಪ್ಟೆಂಬರಿನಲ್ಲಿ ಚೀನೀಯರು ಈಶಾನ್ಯ ಗಡಿಯ ಥಾಗ್ಲಾ ದಿಣ್ಣೆಯಿಂದ ಇಳಿದು ಬಂದರು. ಅವರನ್ನು ಹೊರಹಾಕಿ ಅಂತ ದಿಲ್ಲಿಯ ಅಪ್ಪಣೆ. ಆ ಭಾಗ ನೋಡಿಕೊಳ್ಳುತ್ತಿದ್ದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ಸಾಮಾನು ಸರಂಜಾಮು ಇಲ್ಲದೆ ಇದು ಆಗದ ಕೆಲಸ ಅಂತ ಬರೆದು ತಿಳಿಸಿದರು. ಹಾಗೆ ಬರೆದವರ ಕೈಯಿಂದ ಆ ಗಡಿಯನ್ನೇ ತೆಗೆದುಕೊಂಡರು. ಅಕ್ಟೋಬರ್ 4ಕ್ಕೆ ನಾಲ್ಕನೇ ಕೋರ್ ಅಂತ ಹೊಸದೊಂದು ಹುಟ್ಟಿಸಿ ಕೌಲ್ ಅವರನ್ನು ಅದರ ದಂಡನಾಯಕರನ್ನಾಗಿ ಕಳಿಸಿದರು. ಆಗುವುದಿಲ್ಲ ಅಂದವನು ಸರಿದ, ಆಗುತ್ತದೆ ಅಂದವನು ಬಂದ. ಬಡ್ತಿಯ ಹಸಿವು ಇರುವ ಯಾವ ಕಚೇರಿಯಲ್ಲೂ ಇದೇ ನಡೆಯುತ್ತದೆ, ಆದರೆ ಬೇರೆ ಕಚೇರಿಗಳಲ್ಲಿ ಜನ ಸಾಯುವುದಿಲ್ಲ.

ನಾಮ್ಕಾಚು ಹೊಳೆಯ ದಂಡೆಯಲ್ಲಿ ಬ್ರಿಗೇಡಿಯರ್ ಜಾನ್ ದಳವಿ ಅವರ ಏಳನೇ ಬ್ರಿಗೇಡ್ ಇತ್ತು. ಹಿಮದಲ್ಲಿ ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟು, ತಲೆಗೆ ಐವತ್ತು ಗುಂಡು. ಅಕ್ಟೋಬರ್ 10ರ ಬೆಳಗ್ಗೆ ಹೊಳೆಯಾಚೆ ಸೆಂಗ್‌ಜಾಂಗಿನಲ್ಲಿ ಪಂಜಾಬ್ ಪಲ್ಟಣದ ಸಣ್ಣ ತುಕಡಿಯ ಮೇಲೆ ಚೀನೀಯರು ಮುಗಿಬಿದ್ದುದನ್ನು ಕೌಲ್ ಕಣ್ಣಾರೆ ಕಂಡರು, ಕಂಡು ದಿಲ್ಲಿಗೆ ಹೊರಟರು. ಅಲ್ಲಿ ಎಲ್ಲ ಹೇಳಿದರು ಕೂಡ. ಆದರೂ ಬ್ರಿಗೇಡನ್ನು ಹಿಂದಕ್ಕೆ ಕರೆಸಲಿಲ್ಲ. ಕೆಲ ದಿನಕ್ಕೆ ಅವರಿಗೆ ಉಸಿರಿನ ತೊಂದರೆಯಾಗಿ ಮತ್ತೆ ದಿಲ್ಲಿಗೆ ಒಯ್ದರು. ಕೋರಿನ ಅಧಿಕಾರ ಬೇರೆಯವರಿಗೆ ಒಪ್ಪಿಸದೆ ಹಾಸಿಗೆಯಿಂದಲೇ ಅಪ್ಪಣೆ ಕೊಡುತ್ತಿದ್ದರು. ಅಕ್ಟೋಬರ್ 20ರ ನಸುಕಿನಲ್ಲಿ ದಾಳಿಯಾಯಿತು. ಕೆಲವೇ ತಾಸಿನಲ್ಲಿ ಬ್ರಿಗೇಡ್ ಇಲ್ಲವಾಯಿತು. ದಳವಿ 22ಕ್ಕೆ ಸೆರೆ ಸಿಕ್ಕರು.

ಆ ಬ್ರಿಗೇಡಿನ ವಯರ್‌ಲೆಸ್ ಹೊರುವ ಹುಡುಗರಲ್ಲಿ ನನ್ನ ಸೋದರಮಾವನೂ ಒಬ್ಬ. ಅವ್ವನ ಕಿರಿ ತಮ್ಮ, ಹಿರೇಕೆರೂರು ತಾಲೂಕಿನ ತವರಿನವನು. ಪತ್ತೆಯಿಲ್ಲ ಅಂತ ತಾರು ಬಂದದ್ದು ಭತ್ತ ಕೊಯ್ಯುವ ಹೊತ್ತಿನಲ್ಲಿ. ಅದೇ ವಾರ ರಾಷ್ಟ್ರ ರಕ್ಷಣಾ ನಿಧಿಗೆ ಊರೂರಲ್ಲಿ ಚಿನ್ನ ಎತ್ತುತ್ತಿದ್ದರು. ಅವ್ವ ಕಿವಿಯ ಬೆಂಡೋಲೆ ಬಿಚ್ಚಿ ಮಾಸ್ತರರ ಕೈಗೆ ಕೊಟ್ಟಳು, ಒಂದು ಮಾತೂ ಆಡದೆ. ಧಾರವಾಡ ಆಕಾಶವಾಣಿಯ ಸುದ್ದಿ ಕೇಳಲು ಪಂಚಾಯ್ತಿ ರೇಡಿಯೋದ ಮುಂದೆ ದಿನಾ ಕೂರುತ್ತಿದ್ದಳು. ಸೇಲಾ ಹೋಯಿತು, ಬೊಮ್ಡಿಲಾ ಹೋಯಿತು. ನವೆಂಬರ್ 21ಕ್ಕೆ ಚೀನೀಯರೇ ಯುದ್ಧ ನಿಲ್ಲಿಸಿದರು. ಸರ್ಕಾರವೇ ಮುಂದೆ ಕೊಟ್ಟ ಲೆಕ್ಕ: ಸತ್ತವರು 1,383, ಕಾಣೆಯಾದವರು 1,696, ಸೆರೆಯಾದವರು 3,968.

ಮೇಲಿನವರಿಗೆ ಏನಾಯಿತು? ಮೆನನ್ ಮಂತ್ರಿಪದವಿ ಬಿಟ್ಟರು. ಥಾಪರ್ ರಾಜೀನಾಮೆ ಕೊಟ್ಟರು, ಮುಂದೆ ಅಫ್ಘಾನಿಸ್ತಾನಕ್ಕೆ ರಾಯಭಾರಿಯಾಗಿ ಹೋದರು. ಕೌಲ್ ಸೈನ್ಯ ಬಿಟ್ಟು ತಮ್ಮ ಸಮರ್ಥನೆಯ ಪುಸ್ತಕ ಬರೆದರು. ಅವರ ಜಾಗಕ್ಕೆ ಬಂದವರು ಸ್ಯಾಮ್ ಮಾಣಿಕ್‌ಷಾ. ಅದೇ ಕಾಲದಲ್ಲಿ ಅವರ ಮೇಲೆ ಒಂದು ವಿಚಾರಣೆ ಹೂಡಿ, ಏನೂ ಸಿಗದೆ ಬಿಟ್ಟಿದ್ದರು. ಅವರ ಬಡ್ತಿ ಅದಕ್ಕೇ ತಡೆದಿತ್ತು. ಅವರು ಮುಂದೆ 1971ರಲ್ಲಿ ಏನು ಮಾಡಿದರು ಅಂತ ಹೇಳಬೇಕಾಗಿಲ್ಲ.

ಮಾವ 1963ರ ಬೇಸಿಗೆಯಲ್ಲಿ ಚೀನೀಯರ ಸೆರೆಯಿಂದ ಬಂದ. ಎಡಗಾಲಿನ ಮೂರು ಬೆರಳು ಹಿಮಕ್ಕೆ ಹೋಗಿದ್ದವು. ಆ ವರ್ಷದ ಸುಗ್ಗಿಯಲ್ಲಿ ಕಣಕ್ಕೆ ಬಂದವನು ಬೆಂಕಿಗೆ ಬಲಗಾಲು ಚಾಚಿ, ಎಡಗಾಲನ್ನು ಕಂಬಳಿಯೊಳಗೇ ಇಟ್ಟುಕೊಂಡು ಕೂತಿದ್ದ. ಬಿಸಿ ತಾಗಿದರೆ ಬೆರಳಿಲ್ಲದ ಜಾಗ ಉರಿಯುತ್ತದೆ ಅಂತ. ಸವಣೂರ ಚಾಚಾ ಆ ರಾತ್ರಿ ಅಂಬಾಲಾದ ಮನೆಗಳ ಸುದ್ದಿ ಎತ್ತಲಿಲ್ಲ. ಸೆರೆಯಿಂದ ಬಂದ ಮೇಲೆ ಏನು ಕೇಳಿದರು ಅಂತ ಕಾಕಾ ವಿಚಾರಿಸಿದ. ತನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು ಅಂದ ಮಾವ. ಬಂದೂಕು ಎಲ್ಲಿ ಬಿಟ್ಟೆ, ಸೆಟ್ಟು ಒಡೆದೆಯೋ ಹಾಗೇ ಬಿಟ್ಟೆಯೋ, ಎಷ್ಟು ಗುಂಡು ಹಾರಿಸಿದೆ, ಎಲ್ಲ ಬರೆದುಕೊಂಡರಂತೆ. “ಬರ್ಕೊಳ್ಳಿ, ಅದು ಅವರ ಕೆಲಸ,” ಅಂದ ಕಾಕಾ. ತುಸು ಹೊತ್ತು ಬಿಟ್ಟು, “ಅಲ್ಲಿ ನಿಂದರ್ಸಿದಾಂವನ್ನ ಯಾರು ಕೂರಿಸ್ಕೊಂಡು ಕೇಳಿದ್ರು?” ಅಂದ.

ಕೇಳಿದವರು ಇದ್ದರು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಬ್ರಿಗೇಡಿಯರ್ ಪ್ರೇಮಿಂದ್ರ ಸಿಂಗ್ ಭಗತ್ ಸೋಲಿನ ಕಾರಣ ಹುಡುಕಿ 1963ರಲ್ಲಿ ವರದಿ ಕೊಟ್ಟರು. ಹೊಸ ರಕ್ಷಣಾ ಮಂತ್ರಿ ಯಶವಂತರಾವ್ ಚವ್ಹಾಣ್ ಸಂಸತ್ತಿಗೆ ಅದರ ಸಾರವನ್ನಷ್ಟೇ ಹೇಳಿದರು. ವರದಿಯನ್ನು ಸರ್ಕಾರ ಬೀಗ ಹಾಕಿ ಇಟ್ಟಿತು. ದಿಲ್ಲಿಯಲ್ಲಿ ಪಕ್ಷ ಬದಲಾಯಿತು, ಬೀಗ ಬದಲಾಗಲಿಲ್ಲ. 2010ರಲ್ಲೂ ಮಂತ್ರಿಗಳ ಉತ್ತರ, ಅದರಲ್ಲಿರುವುದು ಇಂದಿಗೂ ಸೂಕ್ಷ್ಮ ಅಂತ. ನಾನು ಇದನ್ನು ಒಪ್ಪಲಾರೆ. ಕ್ಯಾನ್ವಾಸ್ ಬೂಟು ಹಾಕಿಸಿ ಹಿಮಕ್ಕೆ ಕಳಿಸಿದವರು ಯಾರು ಎಂಬುದರಲ್ಲಿ ಶತ್ರುವಿಗೆ ಸಿಗುವ ಗುಟ್ಟು ಯಾವುದು? ಬೆಂಡೋಲೆ ಕೊಟ್ಟ ಹೆಂಗಸರಿಗೆ ಅದು ತಿಳಿಯಬೇಕಾಗಿತ್ತು.

ವರದಿ ಬರೆದ ಭಗತ್ ಅವರ ಕಥೆ ಇನ್ನೊಂದಿದೆ. ಲೆಫ್ಟಿನೆಂಟ್ ಜನರಲ್ ಆಗಿದ್ದ ಅವರು 1974ರಲ್ಲಿ ಭೂಸೇನೆಯ ಮುಖ್ಯಸ್ಥರಾಗುತ್ತಾರೆ ಅಂತ ಸೈನ್ಯದವರೆಲ್ಲ ಎಣಿಸಿದ್ದರು. ಆಗ ಮುಖ್ಯಸ್ಥರಾಗಿದ್ದ ಜನರಲ್ ಬೇವೂರ್ ಅವರ ಅವಧಿಯನ್ನು ಸರ್ಕಾರ ಮುಂದುವರಿಸಿತು, ಅಷ್ಟರಲ್ಲಿ ಭಗತ್ ಅವರ ನಿವೃತ್ತಿ ಬಂತು. ವರದಿಗೂ ಇದಕ್ಕೂ ಸಂಬಂಧ ಕಟ್ಟಲು ನನ್ನ ಹತ್ತಿರ ಪುರಾವೆಯಿಲ್ಲ, ಕಟ್ಟುವುದೂ ಇಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನ ಕಾಕಾ ಹದಿನೈದು ವರ್ಷದ ಹಿಂದಿನ ಹಾಗೆಯೇ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ, ಅಷ್ಟು ಕಂಡೆ.

ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಕೈಯಲ್ಲಿ ಕನ್ನಡಕ್ಕೆ ಬಂದಾಗ ಕಾಕಾ ಇರಲಿಲ್ಲ. ಮಾವನಿಗೆ ಓದಿ ಹೇಳಿದೆ. ತನ್ನ ಬ್ರಿಗೇಡಿಯರ್ ತಮ್ಮ ತಪ್ಪನ್ನೂ ಬರೆದುಕೊಂಡಿದ್ದಾರೆಯೇ ಅಂತಲೇ ಅವನು ಮೊದಲು ಕೇಳಿದ್ದು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತರು ತಮ್ಮ ಬಳಿಯಿದ್ದ ವರದಿಯ ಒಂದು ಭಾಗವನ್ನು ಹೊರಗೆ ಹಾಕಿದರು. ಮಗ ಮುದ್ರಿಸಿ ತಂದುಕೊಟ್ಟ ಆ ಹಾಳೆಗಳನ್ನು ಹಿಡಿದು ಹಿರೇಕೆರೂರಿಗೆ ಹೋದೆ. ಅದು ಶಿವರಾತ್ರಿ ಕಳೆದ ಕಾಲ, ಆದರೂ ಮಾವ ಬಚ್ಚಲೊಲೆಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡಿದ್ದ. ಸೇನಾ ಕಚೇರಿಯವರು ನೆಲದ ಮೇಲಿನವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ಭಾಗ ಬಂದಾಗ ಮತ್ತೊಮ್ಮೆ ಓದು ಅಂದ. ಓದಿದೆ. ನಡುವೆ ಕೆಲವು ಪುಟಗಳು ಇಲ್ಲ, ಎರಡನೇ ಸಂಪುಟವಂತೂ ಪೂರ್ತಿ ಇಲ್ಲ ಅಂತ ಹೇಳಿದೆ. ಸರ್ಕಾರ ಅದನ್ನು ಬೇಗ ಹೊರಗೆ ಬಿಡುವ ಲಕ್ಷಣವೂ ಇಲ್ಲ ಅಂದೆ.

“ಅಲ್ಲೋ, ನನ್ನ ಬಂದೂಕಿನ ಲೆಕ್ಕಾ ನಾ ಬಂದ ತಿಂಗಳಿಗೇ ಕೊಟ್ಟೇನಿ,” ಅಂದ ಮಾವ. “ಐವತ್ತೊಂದು ವರ್ಷ ಆತು. ಅವರ ಲೆಕ್ಕಾ ಎಲ್ಲೈತಿ, ಆ ಪುಟಾ ಹುಡುಕು.”